ದೊಡ್ಡಬೀರಪ್ಪ ಬೈಯುವುದನ್ನು ಬಿಟ್ಟದ್ದು

ತಾಳಗುಂದದ ದೊಡ್ಡಬೀರಪ್ಪನ ಎದೆಯೊಳಗೆ ಪೇಸ್‌ಮೇಕರ್ ಕೂತ ಮೇಲೆ ಇಡೀ ಕೇರಿಗೆ ಶಾಂತಿ ಬಂದಿತ್ತು. ಕುರಿಗಳಿಗೂ ಬೈಗುಳವಿಲ್ಲ, ಹೆಂಡತಿ ಗುತ್ಯಮ್ಮನಿಗೂ ಇಲ್ಲ. ಪಕ್ಕದ ಹೊಲದ ಮಲ್ಲೇಶಪ್ಪ ಒಳ್ಳೆ ಸಮಯ ನೋಡಿ ಬದುವನ್ನು ಇತ್ತ ಒಂದು ಮೊಳ ಸರಿಸಿದ್ದ. ಅದಕ್ಕೂ ಮುದುಕ ತುಟಿ ಪಿಟಕ್ಕೆನ್ನಲಿಲ್ಲ.

ಸೊರಬದಲ್ಲಿ ಗೆಳತಿಯ ಮದುವೆ ಮುಗಿಸಿಕೊಂಡು ಬಂದ ಮೊಮ್ಮಗಳು ನಾಗಶ್ರೀಗೆ ಇದನ್ನು ನೋಡಲಾಗಲಿಲ್ಲ. ಪೇಸ್‌ಮೇಕರಿನಂಥ ಯಂತ್ರಗಳೊಳಗಿನ ಚಿಪ್ ವಿನ್ಯಾಸ ಮಾಡುವುದೇ ಅವಳ ಉದ್ಯೋಗ. ಕರೆಂಟು ಕುಡಿಯದ ಚಿಪ್ಪಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವಳು. ಅಜ್ಜನೋ ಜಗಲಿಯ ಕಂಬಕ್ಕೆ ಒರಗಿ, ರೆಪ್ಪೆ ಬಡಿಯುವುದಕ್ಕೂ ಜಿಪುಣತನ ಮಾಡುತ್ತಾ ದಿನದಿನಕ್ಕೆ ಸೊರಗುತ್ತಿದ್ದ. ಡಾಕ್ಟರು ನಡೆದಾಡಿ ಎಂದಿದ್ದರು, ಅವನು ಕೇಳಬೇಕಲ್ಲ.

"ಯಾಕಜ್ಜ, ಹಿಂಗೆ ಕೂತಿದೀಯ?"

"ಬ್ಯಾಟ್ರಿ ಉಳಿಸ್ತಿದೀನವ್ವ. ನೀನೇ ಅಲ್ವಾ ಫೋನಾಗೆ ಹೇಳಿದ್ದು, ಬ್ಯಾಟ್ರಿ ಉಳಿಸೋದೇ ದೊಡ್ಡ ಕೆಲಸ ಅಂತ? ಖಾಲಿಯಾದ್ರೆ ಮತ್ತೆ ಎದೆ ಕೊಯ್ತಾರಂತೆ. ಎರಡೆರಡು ಸಲ ಕೊಯ್ಸಿಕೊಳ್ಳೋಕೆ ನಾನೇನು ಕುರಿನಾ?"

ನಾಗಶ್ರೀಗೆ ಈಗ ಅರ್ಥವಾಯಿತು. ತಾನು ಕೆಲಸದ ಬಗ್ಗೆ ಜಂಬ ಕೊಚ್ಚಿದ್ದನ್ನು ಮುದುಕ ವೇದವಾಕ್ಯ ಮಾಡಿಕೊಂಡಿದ್ದ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಗುತ್ಯಮ್ಮ ಅವಳನ್ನು ಕರೆದು ಪಿಸುಗುಟ್ಟಿದಳು. "ಏನೂ ಹೇಳಕ್ಕೋಗ್ಬ್ಯಾಡ. ಮದುವೆಯಾದಾಗಿಂದ ನನ್ನ ಕಿವಿಗೆ ರಜೆ ಸಿಕ್ಕಿರೋದು ಈಗ್ಲೇ."

ಆದರೂ ನಾಗಶ್ರೀ ಹೊರಗೆ ಬಂದು ಹೇಳಿಯೇಬಿಟ್ಟಳು. "ಅಜ್ಜ, ನಾವು ಮಾಡೋ ಚಿಪ್ಪು ಮಹಾ ಸೋಮಾರಿ. ನಿನ್ನ ಎದೆ ತಾನೇ ಬಡ್ಕೊಳ್ತಿದ್ರೆ ಅದು ನಿದ್ದೆ ಹೊಡಿತೈತೆ. ನೀನು ಹಿಂಗೆ ತಣ್ಣಗೆ ಕೂತು ಎದೆ ನಿಧಾನ ಆದಾಗ ಎದ್ದು ಒದೀಬೇಕು. ಬ್ಯಾಟ್ರಿ ಖರ್ಚಾಗೋದು ಆವಾಗ."

ಇದರಲ್ಲಿ ಒಂದಿಷ್ಟು ಒಗ್ಗರಣೆ ಇತ್ತು. ಅವಳ ಮ್ಯಾನೇಜರ್ ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ.

"ಅಂದ್ರೆ ನಾನು ಸುಮ್ನೆ ಕೂತಷ್ಟೂ ಅದಕ್ಕೆ ಕೆಲಸ?"

"ಹೂಂ."

"ಬೈದ್ರೆ?"

"ಆರಾಮಾಗಿ ಮಲಗ್ತೈತೆ. ಹತ್ತು ವರ್ಷ ಬಾಳಿಕೆ ಬರ್ತೈತೆ."

ದೊಡ್ಡಬೀರಪ್ಪ ಕಂಬಳಿ ಕೊಡವಿ ಎದ್ದ. "ನಿದ್ದೆ ಹೊಡಿಯೋ ಸಾಮಾನು ಮಾಡೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?" ಎಂದು ಮೊದಲ ಏಟನ್ನು ಅವಳಿಗೇ ಕೊಟ್ಟು ಹೊಲದತ್ತ ನಡೆದ. ಸ್ವಲ್ಪ ಹೊತ್ತಿಗೆ ಮೆಕ್ಕೆಜೋಳದ ಆಚೆಯಿಂದ, ಮಲ್ಲೇಶಪ್ಪನ ಮೂರು ತಲೆಮಾರಿನ ಜನ್ಮ ಜಾಲಾಡುವ ದನಿ ಕೇಳಿಸಿತು.

ಗುತ್ಯಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತು ಬಾಗಿಲಿಗೆ ಬಂದು ನಿಂತಳು. ಒಂದೊಂದು ಬೈಗುಳವನ್ನೂ ಕಿವಿಗೊಟ್ಟು ಕೇಳಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹತ್ತೇ ವರ್ಷನೇನೇ?" ಎಂದಳು. "ಇನ್ನೂ ಸ್ವಲ್ಪ ಜಾಸ್ತಿ ಬರೋ ಹಂಗೆ ಮಾಡೋಕಾಗಲ್ವಾ?"