ಸಿಂಕಿನ ಕೆಳಗಿನ ನೀಲಿ ಲೋಟ

ಒಂದಾನೊಂದು ಅಡುಗೆಮನೆಯಲ್ಲಿ ಒಂದು ನೀಲಿ ತಗಡಿನ ಲೋಟವಿತ್ತು. ಅದರ ಅಕ್ಕತಂಗಿಯರಾದ ಪಿಂಗಾಣಿ ಕಪ್ಪುಗಳೆಲ್ಲ ಗುಲಾಬಿ ಹೂವಿನ ಅಂಗಿ ತೊಟ್ಟು ಕಪಾಟಿನಲ್ಲಿ ಸಾಲಾಗಿ ಕೂತಿದ್ದರೆ, ಅದೊಂದು ಮಾತ್ರ ಸಿಂಕಿನ ಕೆಳಗೆ, ನೆಲ ಒರೆಸುವ ಬಟ್ಟೆಯ ಪಕ್ಕ, ಕತ್ತಲಲ್ಲಿ ಬೋರಲಾಗಿ ಮಲಗುತ್ತಿತ್ತು. ಯಾರ ಶಾಪವೋ ಲೋಟಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳುತ್ತಿರಲಿಲ್ಲ.

ಕರೂ ಎಂಬ ಒಣ ಬಯಲುಸೀಮೆಯ ಒಂದು ಊರಿನಲ್ಲಿ, ಬಿಳಿಯರ ಬೀದಿಯ ಆ ಮನೆಯಲ್ಲಿ, ಒಂಬತ್ತು ವರ್ಷದ ಹುಡುಗಿ ಲೀಂಕೆ ಹುಟ್ಟಿದಾಗಿನಿಂದ ಈ ಲೋಟವನ್ನು ನೋಡುತ್ತಲೇ ಬಂದಿದ್ದಳು. ಅದು ನಿಜವಾಗಿ ಅವಳ ಕಣ್ಣಿಗೆ ಬಿದ್ದದ್ದು ಮಾತ್ರ ಒಂದು ಸೋಮವಾರ, ಅದೂ ಶಾಲೆಯಲ್ಲಿ, ಗೆಳತಿಯ ಮಾತಿನಿಂದ.

ಅವಳ ಬೆಂಚಿನ ಗೆಳತಿ ಲಿಂಡೆಲ್ವಾ ಗುಡ್ಡದಾಚೆಯ ಕರಿಯರ ಕೇರಿಯಿಂದ ಬರುತ್ತಿದ್ದಳು. ಅವಳ ಅಜ್ಜಿ ನೊಕುಝೋಲಾ ಲೀಂಕೆಯ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸಕ್ಕಿದ್ದಳು.

"ಶನಿವಾರ ನಿನ್ನ ಹುಟ್ಟುಹಬ್ಬಕ್ಕೆ ಬರ್ತೀನಲ್ಲ," ಬ್ರೆಡ್ಡಿನ ಅಂಚು ಕಿತ್ತು ತಿನ್ನುತ್ತ ಲಿಂಡೆಲ್ವಾ ಕೇಳಿದಳು, "ನಂಗೆ ಯಾವುದ್ರಲ್ಲಿ ಕೊಡ್ತೀರಾ ಕುಡಿಯೋಕೆ? ಹೂವಿನ ಕಪ್ಪಲ್ಲಾ, ನಮ್ಮ ಅಜ್ಜಿಯ ತಗಡಿನ ಲೋಟದಲ್ಲಾ?"

"ಅದು ಅವಳಿಗೆ ಇಷ್ಟ ಅಂತ..."

"ಯಾರು ಹೇಳಿದ್ದು? ನಮ್ಮನೇಲಿ ಅವಳದು ಬಂಗಾರದ ಅಂಚಿನ ಕಪ್ಪು. ನಾನು ಮುಟ್ಟಿದ್ರೆ ಬೆನ್ನಿಗೆ ಬೀಳುತ್ತೆ! ಯಾಕೆ ಹಂಗೆ ಅಂತ ಕೇಳಿ ನಂಗೆ ಹೇಳು. ಇಲ್ದಿದ್ರೆ ನಾ ಬರಲ್ಲ."

"ಕೇಳ್ತೀನಿ, ಆಣೆ," ಎಂದಳು ಲೀಂಕೆ. ಇಬ್ಬರೂ ಕಿರುಬೆರಳು ಕೊಂಡಿ ಹಾಕಿಕೊಂಡರು.

ಲೀಂಕೆಯ ಅಜ್ಜಿ ಔಮಾಳ ಹತ್ತಿರ ಪ್ರತಿ 'ಯಾಕೆ'ಗೂ ಒಂದು ಕಥೆಯಿತ್ತು. ನರಿಯ ಬೆನ್ನು ಯಾಕೆ ಸುಟ್ಟ ಹಾಗಿದೆ, ಆಮೆಯ ಚಿಪ್ಪು ಯಾಕೆ ಒಡೆದ ಹಾಗಿದೆ, ಎಲ್ಲಕ್ಕೂ. ಮಂಗಳವಾರ ಲೀಂಕೆ ಲೋಟದ 'ಯಾಕೆ' ಕೇಳಿದಾಗ ಮಾತ್ರ ಅಜ್ಜಿಗೆ ಕಥೆ ಹುಟ್ಟಲಿಲ್ಲ. "ಮೊದಲಿಂದ್ಲೂ ಹಾಗೇನೇ. ರಸ್ಕ್ ತಿನ್ನು," ಎಂದು ಡಬ್ಬಿ ಮುಂದೆ ತಳ್ಳಿದಳು.

ಬುಧವಾರ ಇಸ್ತ್ರಿ ಮಾಡುತ್ತಿದ್ದ ನೊಕುಝೋಲಾಳನ್ನು ಕೇಳಿದಳು.

"ನನ್ನ ಕೇಳಿದ್ರೆ? ಅಲ್ಲಿಟ್ಟೋಳು ನಾನಾ? ಇಟ್ಟೋರನ್ನ ಕೇಳು ಮಗಾ," ಎಂದು ಅವಳು ಅಂಗಿಯ ಕಾಲರನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಗುರುವಾರ ಔಮಾ ಪೇಟೆಯಿಂದ ಬಂದವಳೇ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೊಂದು ಹಳದಿ ಚಹಾ ಕಪ್ಪು, ಮೇಲೆ ಸೂರ್ಯಕಾಂತಿಯ ಚಿತ್ರ. "ನೋಡು ನೊಕುಝೋಲಾ, ನಿನಗೇ ಅಂತ ತಂದೆ. ನಮ್ಮವಕ್ಕಿಂತ ಚೆನ್ನಾಗಿದೆ." ಹಾಗೆಂದು ಸಂತೋಷದಿಂದ ಬಾಗಿ, ಅದನ್ನು ಸಿಂಕಿನ ಕೆಳಗೆ ಇಟ್ಟಳು.

"ಔಮಾ," ಎಂದಳು ಲೀಂಕೆ, "ಅದನ್ಯಾಕೆ ಅಲ್ಲೇ ಇಟ್ಟೆ?"

ಔಮಾ ತನ್ನ ಕೈಯನ್ನೇ ನೋಡಿಕೊಂಡಳು, ಅದು ಬೇರೆ ಯಾರದ್ದೋ ಎಂಬಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ನಮ್ಮಮ್ಮ ಇಟ್ಟಿದ್ಲು," ಎಂದಳು ತಲೆ ತಗ್ಗಿಸಿ. "ಅವರ ಬಾಯಿ ಮುಟ್ಟಿದ್ದು ನಮ್ಮ ಬಾಯಿಗೆ ಬರಬಾರದು ಅಂತಿದ್ಲು. ಕರಿಯರು ಕೀಳು ಅಂತ ನಂಗೆ ಕೂರಿಸ್ಕೊಂಡು ಯಾರೂ ಕಲಿಸ್ಲಿಲ್ಲ. ಲೋಟ ಕಲಿಸ್ತು. ನಾನೂ ನಂಬಿಬಿಟ್ಟೆ."

ನೊಕುಝೋಲಾ ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟಳು. "ನಿಮ್ಮ ಬ್ರೆಡ್ಡಿನ ಹಿಟ್ಟು ನಾನೇ ನಾದೋದಲ್ವಾ ಮೇಡಮ್? ಕೈಗೇನೂ ಇರ್ಲಿಲ್ಲ, ಬಾಯಿಗೆ ಮಾತ್ರ ಇತ್ತಾ ರೋಗ?"

ಔಮಾ ಖಾಲಿ ಪೊಟ್ಟಣದ ಕಾಗದವನ್ನು ಮಡಿಸತೊಡಗಿದಳು.

"ಇನ್ನೊಂದು ಹೇಳ್ತೀನಿ," ಎಂದಳು ನೊಕುಝೋಲಾ. " ಪ್ರತಿ ಬುಧವಾರ ನೀವು ಚರ್ಚಿನ ಹೆಂಗಸರ ಸಭೆಗೆ ಹೋದ್ಮೇಲೆ ನಾನು ಗುಲಾಬಿ ಕಪ್ಪಲ್ಲೇ ಕುಡಿಯೋದು. ಎಡಗಡೆಯಿಂದ ಮೂರನೇದು."

"ಮೂರನೇದಾ? ಅದು ನಂದು!" ಎಂದಳು ಔಮಾ.

"ಗೊತ್ತು. ಅದ್ರ ಹಿಡಿ ಚೆನ್ನಾಗಿದೆ."

ಲೀಂಕೆ ಕಿಸಕ್ಕನೆ ನಕ್ಕಳು. ದೊಡ್ಡವರಿಬ್ಬರೂ ನಗಲಿಲ್ಲ.

"ನಗಬೇಡ ಮಗಾ," ಎಂದಳು ನೊಕುಝೋಲಾ. "ಕದ್ದು ಕುಡಿದ ಚಹಾ ಗಂಟಲಲ್ಲೇ ನಿಲ್ಲುತ್ತೆ. ಕೇಳೋಣ ಅಂದ್ರೆ ಕೆಲಸ ಹೋಗೋ ಭಯ."

"ಕೇಳಿದ್ದಿದ್ರೆ ನಿನ್ನ ಕೆಲಸದಿಂದ ಕಳಿಸ್ತಿದ್ದೆನೋ ಏನೋ," ಎಂದಳು ಔಮಾ ಮೆಲ್ಲಗೆ. ಸಿಂಕಿನ ಕಡೆ ನೋಡಿ, "ಆ ತಗಡಿನ ಲೋಟ ಏನು ಮಾಡ್ಲಿ?"

"ಅದನ್ನೂ ನಾನೇ ಹೇಳ್ಬೇಕಾ? ನೀವಿಟ್ಟಿದ್ದು. ನೀವೇ ತೆಗೀರಿ."

ಔಮಾ ನೋಯುವ ಮಂಡಿ ಊರಿ ಬಗ್ಗಿದಳು. ನೊಕುಝೋಲಾ ಕೈಕೊಡಲಿಲ್ಲ. ಹಳೆಯ ಲೋಟವೂ ಹೊಸ ಕಪ್ಪೂ ಬೆಳಕಿಗೆ ಬಂದವು. ಹಳೆಯದನ್ನು ಔಮಾ ತಾನೇ ಕಸದ ಬುಟ್ಟಿಗೆ ಹಾಕಿದಳು. ಹೊಸದನ್ನು ಕಪಾಟಿನ ಸಾಲಿಗೆ ಸೇರಿಸಿದಳು, ಯಾರು ಬೇಕಾದರೂ ಕುಡಿಯಲಿ ಎಂದು.

ಶನಿವಾರ ಲಿಂಡೆಲ್ವಾ ಹಸಿರು ಲಂಗ ತೊಟ್ಟು ಬಂದವಳು ಗೇಟಿನ ಆಚೆಗೇ ನಿಂತಳು. "ಕೇಳಿದ್ಯಾ?"

ಗೇಟಿನ ಸರಳು ಹಿಡಿದುಕೊಂಡು ಲೀಂಕೆ ಎಲ್ಲವನ್ನೂ ಹೇಳಿದಳು. ಮುತ್ತಜ್ಜಿಯ ಮಾತು, ಔಮಾ ನಂಬಿದ್ದು, ಮೂರನೇ ಕಪ್ಪು, ಕೆಲಸ ಹೋಗುವ ಭಯ. ಔಮಾಳನ್ನು ಒಳ್ಳೆಯವಳನ್ನಾಗಿಸುವ ಒಂದೆರಡು ಮಾತು ಸೇರಿಸುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಸೇರಿಸಲಿಲ್ಲ.

"ಕೀಳು ಅಂತ ನಿಜವಾಗ್ಲೂ ಬಾಯಿಬಿಟ್ಟು ಹೇಳಿದ್ರಾ?"

"ಹೇಳಿದ್ರು. ತಲೆ ತಗ್ಗಿಸ್ಕೊಂಡು."

"ಮೂರನೇ ಕಪ್ಪಾ!" ಲಿಂಡೆಲ್ವಾಳ ತುಟಿಯಂಚು ಅಲುಗಿತು. ಮತ್ತೆ ಗಂಭೀರವಾಗಿ ಕೇಳಿದಳು, "ನೀನು ಒಂಬತ್ತು ವರ್ಷ ಯಾಕೆ ಕೇಳ್ಲಿಲ್ಲ?"

ಲೀಂಕೆ ಯೋಚಿಸಿದಳು. "ಅದು ನಂಗೆ ಕಾಣ್ಲೇ ಇಲ್ಲ," ಎಂದಳು.

 ಲಿಂಡೆಲ್ವಾ ತಾನೇ ಗೇಟಿನ ಚಿಲಕ ತೆಗೆದು ಒಳಗೆ ಬಂದಳು.