ಅರ್ಥ ಕೇಳಿದ ದಿನ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಮಗಳು ಕತ್ತರಿ ತಂದು ಅಂಗಿಯ ಬೆನ್ನನ್ನು ಉದ್ದಕ್ಕೂ ಸೀಳಿ, ತಂದೆಗೆ ಮುಂದಿನಿಂದ ತೊಡಿಸಿದಳು. ಆಚೆ ಬದಿಯಲ್ಲಿ ಭುಜ ಎತ್ತಿ ಹಿಡಿದಿದ್ದವನು ತಂದೆಯ ಹಳೆಯ ಶಿಷ್ಯ, ಈಗ ವಿಶ್ವವಿದ್ಯಾಲಯದಲ್ಲಿ ಅವರದೇ ಕುರ್ಚಿಯಲ್ಲಿ ಕೂರುವವನು. ಎತ್ತುವಾಗ ಬಲ ಸೊಂಟದ ಹುಣ್ಣಿಗೆ ಹಾಕಿದ್ದ ಅಂಗೈಯಗಲದ ಪಟ್ಟಿ ಅವನ ಕಣ್ಣಿಗೆ ಬಿತ್ತು.

"ಕೊನೆಗೆ ತುಂಬ ನೋವಿತ್ತಾ?"

"ಇಲ್ಲ. ಸಮಾಧಾನವಾಗೇ ಹೋದ್ರು."

ಬೆಳಗಿನಿಂದ ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಇದೇ ಮಾತು. ಹೇಳಿ ಹೇಳಿ ಅದು ಬಾಯಿಪಾಠವಾಗಿತ್ತು. ಶಿಷ್ಯ ತಲೆ ತಗ್ಗಿಸಿ, ಒಂದು ಸಲವಾದರೂ ನೋಡಲು ಬಿಡಬಹುದಿತ್ತು ಎಂದ. ಎರಡು ತಿಂಗಳಲ್ಲಿ ನಾಲ್ಕು ಬಾರಿ ಫೋನು ಮಾಡಿದ್ದ. ನಾಲ್ಕು ಬಾರಿಯೂ ಅವಳು, ಅಪ್ಪ ಯಾರನ್ನೂ ಗುರುತು ಹಿಡಿಯುವುದಿಲ್ಲ, ಬರಬೇಡಿ ಎಂದಿದ್ದಳು. ಅದು ಪೂರ್ತಿ ನಿಜವಾಗಿರಲಿಲ್ಲ. ಹನ್ನೊಂದು ಭಾಷೆ ಬಲ್ಲ ಮನುಷ್ಯ ಬಾಯಿಂದ ಜೊಲ್ಲು ಸುರಿಸುತ್ತ ಏನೇನೋ ತೊದಲುವುದನ್ನು ಅವರ ಶಿಷ್ಯರು ನೋಡುವುದು ಅವಳಿಗೆ ಬೇಕಿರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಎಪ್ಪತ್ತೈದು ದಾಟಿದ ಹೆಂಗಸು, ಮೂರು ಬಸ್ಸು ಬದಲಿಸಿ ಬಂದಿದ್ದಳು. ಶಿಷ್ಯ ತಟ್ಟನೆ ಎದ್ದು ಕುರ್ಚಿ ಎಳೆದ. ತಂದೆ ನಲವತ್ತು ವರ್ಷ ಬೆಟ್ಟ ಹತ್ತಿ ಇಳಿದದ್ದು ಇವಳ ಜನರ ಮಾತಿಗಾಗಿ. ಲಿಪಿಯಿಲ್ಲದ ಭಾಷೆ ಅದು. ಅವರು ಶುರು ಮಾಡಿದಾಗ ಆಡುವವರು ಮುನ್ನೂರು ಜನ ಇದ್ದರು, ಈಗ ನಾಲ್ವರು.

"ಅಪ್ಪ ನಿಮ್ಮನ್ನ ಅಕ್ಕ ಅಂತಲೇ ಕರೀತಿದ್ರು. ಅಂದ್ರೆ ನನಗೆ ನೀವು ಅತ್ತೆ," ಎಂದಳು ಮಗಳು.

ಮುದುಕಿ ಅವಳ ಗಲ್ಲ ಸವರಿದಳು. ಸತ್ತವನ ಮುಖ ನೋಡುತ್ತ ಕೂತು, ಇವನು ಮೊದಲ ಸಲ ನಮ್ಮ ಮನೆಗೆ ಬಂದಾಗ ನೀರು ಕೊಡು ಎನ್ನಲು ಹೋಗಿ ನನ್ನನ್ನು ಮುಳುಗಿಸು ಅಂದುಬಿಟ್ಟಿದ್ದ ಎಂದು ಹೇಳಿದಳು. ಅಂದಿನಿಂದ ಊರಿಗೆಲ್ಲ ಇವನು 'ತೊದಲ'. ಶಿಷ್ಯ ನಕ್ಕ. ಮಗಳಿಗೂ ನಗು ಬಂತು.

*

ಅವಳಿಗೂ ಒಂದು ಕಾಲಕ್ಕೆ ಆ ಮಾತು ಬರುತ್ತಿತ್ತು. ಊಟಕ್ಕೆ ಕೂತಾಗ, ಸ್ನಾನ ಮಾಡಿಸುವಾಗ ಅಪ್ಪ ಅದರಲ್ಲೇ ಮಾತಾಡಿಸುತ್ತಿದ್ದ. ಹನ್ನೊಂದನೇ ವಯಸ್ಸಿನಲ್ಲಿ ಒಂದು ಸಂಜೆ ಶಾಲೆಯ ಗೇಟಿನಿಂದಲೇ ಅವನು ಆ ಭಾಷೆಯಲ್ಲಿ ಅವಳನ್ನು ಕೂಗಿ ಕರೆದ. ಗೆಳತಿಯರು ಹೊಟ್ಟೆ ಹಿಡಿದು ನಕ್ಕರು.

"ನನ್ನ ಹತ್ರ ಆ ಕಾಡುಮಾತು ಆಡಬೇಡ," ಎಂದಿದ್ದಳು ದಾರಿಯಲ್ಲಿ.

ಅವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸರಿ ಎಂದ, ಅಷ್ಟೇ. ಮತ್ತೆ ಮನೆಯಲ್ಲಿ ಒಂದು ಪದವನ್ನೂ ಆಡಲಿಲ್ಲ. ಅವಳು ಬೆಳೆದು ಕನ್ನಡಕದಂಗಡಿ ಇಟ್ಟಳು. ಅವನು ಬೆಟ್ಟಕ್ಕೆ ಹೋಗುತ್ತಲೇ ಇದ್ದ. ಹನ್ನೊಂದು ಸಾವಿರ ಪದಗಳ ನಿಘಂಟು ಅಚ್ಚಾದಾಗ ಮೊದಲ ಪ್ರತಿ ಅವಳ ಕೈಗಿತ್ತ. ಅವಳು ಅದನ್ನು ಅವನ ಕೋಣೆಯ ಕಪಾಟಿನಲ್ಲೇ ಇಟ್ಟಳು.

ಪಾರ್ಶ್ವವಾಯು ಬಡಿದ ಮೇಲೆ ಅವನ ಬಲಗಡೆ ಸತ್ತಿತು, ಕನ್ನಡವೂ ಹೋಗಿ ಬಾಯಲ್ಲಿ ಒಂದು ತೊದಲು ಮಾತ್ರ ಉಳಿಯಿತು. ಇದು ಅರ್ಥವಿಲ್ಲದ ಸದ್ದು, ಮೆದುಳಿಗೆ ಪೆಟ್ಟಾದರೆ ಹೀಗಾಗುವುದುಂಟು ಎಂದರು ಡಾಕ್ಟರು. ಬೆಟ್ಟದ ಮಾತು ಎಂದೋ ಮರೆತಿದ್ದ ಅವಳು ನಂಬಿದಳು. ಮಂಚದ ಬಲಕ್ಕೆ ಟಿವಿ ಇತ್ತು. ಬೇಸರ ಕಳೆಯಲಿ ಎಂದು ಅವನನ್ನು ಆ ಕಡೆಗೇ ಮುಖ ಮಾಡಿಸಿ ಮಲಗಿಸುತ್ತಿದ್ದಳು. ಅವನು ಎಡಗೈಯಲ್ಲಿ ಹೊದಿಕೆ ಜಗ್ಗುತ್ತ ಅದೇ ಸದ್ದು ಮಾಡುತ್ತಿದ್ದ. ಅವಳು ನೀರು ಕುಡಿಸುತ್ತಿದ್ದಳು, ಫ್ಯಾನು ಜೋರು ಮಾಡುತ್ತಿದ್ದಳು, ಹೂಂ ಅಪ್ಪ, ಹೂಂ ಅಪ್ಪ ಎನ್ನುತ್ತಿದ್ದಳು. ಗಲಾಟೆ ಹೆಚ್ಚಾದ ದಿನ ನಿದ್ದೆಯ ಮಾತ್ರೆ.

*

"ಅತ್ತೆ, ಅಪ್ಪ ಕೊನೆವರೆಗೂ ಒಂದೇ ಮಾತು ಅಂತಿದ್ರು. ಮೇಲೂ ತಾಕೆ, ಮೇಲೂ ತಾಕೆ ಅಂತ. ನಿಮ್ಮ ಮಾತಾ ಅದು?"

ಮುದುಕಿಯ ಕೈ ಕೋಲಿನ ಮೇಲೆ ಬಿಗಿಯಾಯಿತು. "ನಮ್ಮದೇ. ಹೊಳೆ ಕಡೆಗೆ ಅಂತ."

ಮಗಳ ಕಣ್ಣು ತುಂಬಿತು. ಅಪ್ಪನಿಗೆ ಆ ಬೆಟ್ಟ, ಆ ಹೊಳೆ ನೆನಪಾಗಿರಬೇಕು, ಒಮ್ಮೆ ಕರೆದುಕೊಂಡು ಹೋಗಬೇಕಿತ್ತು ಎಂದಳು. ಶಿಷ್ಯ ಕಿಟಕಿಯತ್ತ ತಿರುಗಿಕೊಂಡ. ಅವನ ಬೆನ್ನು ನೋಡಿಯೇ ಅವಳಿಗೆ ಏನೋ ಎಡವಟ್ಟು ಅನ್ನಿಸಿತು.

"ಏನು? ಹೇಳಿ."

"ಆ ಭಾಷೇಲಿ ಎಡ ಬಲ ಅನ್ನೋದೇ ಇಲ್ಲ," ಎಂದ ಅವನು ತಿರುಗದೆ. "ನೆಲ ಏರೋ ಕಡೆ ಬೆಟ್ಟದ ಕಡೆ, ಇಳಿಯೋ ಕಡೆ ಹೊಳೆ ಕಡೆ. ಸರ್‌ಗೆ ಹೆಸರು ತಂದುಕೊಟ್ಟಿದ್ದೇ ಆ ಲೇಖನ."

ಕಿಟಕಿಯ ಹೊರಗೆ ರಸ್ತೆ ಕೆಳಕ್ಕೆ ಇಳಿಯುತ್ತಿತ್ತು. ಕಿಟಕಿ ಇದ್ದದ್ದು ಮಂಚದ ಎಡಕ್ಕೆ.

"ಅತ್ತೆ, ಪೂರ್ತಿ ಹೇಳಿ."

"ಈಗ ಯಾಕೆ ತಾಯಿ ಅದು?"

"ಹೇಳಿ."

"ಹೊಳೆ ಕಡೆಗೆ ಹೊರಳಿಸು ಅಂತ. ಕಾಯಿಲೆಯವರು ಮಗ್ಗುಲು ನೋಯ್ತಾ ಇದ್ರೆ ಹಾಗಂತಾರೆ."

ಮಗಳು ಎದ್ದು ನಿಘಂಟಿದ್ದ ಕಪಾಟಿನತ್ತ ಹೋದಳು. ಮಂಚದಿಂದ ಅದು ಮೂರು ಹೆಜ್ಜೆ. ಬಾಗಿಲ ಮೇಲೆ ಕೈ ಇಟ್ಟಳು, ತೆರೆಯಲಿಲ್ಲ. ಹೊರಗೆ ಗಾಡಿ ಬಂತೆಂದು ಯಾರೋ ಕರೆದರು. ಪಕ್ಕದ ಮನೆಯಾಕೆ ಒಳಗೆ ಬಂದು ಅವಳ ಹೆಗಲು ಹಿಡಿದು, ನೀನು ಚೆನ್ನಾಗಿ ನೋಡಿಕೊಂಡೆ, ಪುಣ್ಯಾತ್ಮ ನರಳದೆ ಹೋದರು ಎಂದು ಸಮಾಧಾನ ಹೇಳಿದಳು.

"ನರಳಿದ್ರು," ಎಂದಳು ಮಗಳು. "ಎರಡು ತಿಂಗಳು ಹೇಳ್ತಾನೇ ಇದ್ರು. ನನಗೆ ಗೊತ್ತಾಗಲಿಲ್ಲ."

ಪಕ್ಕದ ಮನೆಯಾಕೆ ಕೈ ತೆಗೆದಳು.

ವಿದ್ಯುತ್ ಚಿತಾಗಾರದಲ್ಲಿ ಇವರಿಗೆ ಸಿಕ್ಕ ಸಮಯ ಇಪ್ಪತ್ತು ನಿಮಿಷ. ಶಿಷ್ಯ ನಾಲ್ಕು ಮಾತು ಬರೆದು ತಂದಿದ್ದ. ಅರ್ಧ ಓದಿ ಹಾಳೆ ಮಡಚಿದ. ಆಗ ಮುದುಕಿ ಜನರನ್ನು ಸರಿಸಿ ಮುಂದೆ ಹೋದಳು. ಉಕ್ಕಿನ ಹಲಗೆಯ ಅಂಚು ಹಿಡಿದು ಬಗ್ಗಿ, ಸತ್ತವನ ಕಿವಿಯ ಹತ್ತಿರ ತನ್ನ ಮಾತಿನಲ್ಲಿ ಏನೋ ಹೇಳತೊಡಗಿದಳು. ಅಳುವಂತಿರಲಿಲ್ಲ, ಹರಸುವಂತಿರಲಿಲ್ಲ. ಮನೆಯಂಗಳದಲ್ಲಿ ಕೂತು ಸುದ್ದಿ ಹೇಳುವವಳ ಹಾಗೆ, ನಡುನಡುವೆ ನಿಲ್ಲಿಸಿ, ಅವನಿಗೂ ಮಾತಾಡಲು ಎಡೆ ಕೊಟ್ಟು, ಮತ್ತೆ ಮುಂದುವರಿಸುತ್ತಿದ್ದಳು. ಶಿಷ್ಯನಿಗೂ ಅದರ ವೇಗ ಹಿಡಿಯಲಾಗಲಿಲ್ಲ.

ಮಗಳು ಅರ್ಥ ಕೇಳಲಿಲ್ಲ. ಮುದುಕಿಯ ಬಾಯಿಯನ್ನೇ ನೋಡುತ್ತ ನಿಂತಳು. ಕುಲುಮೆಯ ನೌಕರ ಗುಂಡಿಯ ಮೇಲೆ ಬೆರಳಿಟ್ಟು, ಗಡಿಯಾರ ನೋಡಿ, ಮತ್ತೆ ಮುದುಕಿಯನ್ನು ನೋಡಿದ. ಆಮೇಲೆ ಬೆರಳು ತೆಗೆದು, ಗೋಡೆಗೊರಗಿ, ಅವಳು ಮುಗಿಸಲೆಂದು ಕಾಯತೊಡಗಿದ.