ಕಟ್ಟೆ ಮೇಲಿನ ಎರಡು ಚೀಲ ಯೂರಿಯಾ

ರಾರಾವಿ ಊರಿನ ಓಬಣ್ಣನಿಗೆ ಎರಡೆಕರೆ ಭತ್ತದ ಗದ್ದೆ. ಬದುವಿನ ಆಚೆ ತಿಪ್ಪೇಶನ ಗದ್ದೆ. ಓಬಣ್ಣ ಆಗಲೇ ಎರಡು ಸಲ ಯೂರಿಯಾ ಹಾಕಿದ್ದ. ಇನ್ನೆರಡು ಚೀಲ ಮೂರು ವಾರದಿಂದ ಮನೆ ಕಟ್ಟೆ ಮೇಲೆ ಕೂತಿದ್ದವು. ಅಂಗಡಿಗೆ ಸ್ಟಾಕ್ ಬಂದಾಗ, ಮತ್ತೆ ಸಿಗುತ್ತೋ ಇಲ್ಲವೋ ಎಂದು ತಂದಿಟ್ಟಿದ್ದು.

ತಿಪ್ಪೇಶನ ಪೈರು ಈಗ ಕಡು ಹಸಿರು. ಓಬಣ್ಣನದು ಸ್ವಲ್ಪ ತಿಳಿ. ಕಾಲುವೆ ಏರಿ ಮೇಲೆ ಹೋಗುವವರು ಸುಮ್ಮನಿರುತ್ತಾರೆಯೇ?

"ಏನಪಾ ಓಬಣ್ಣ, ಗದ್ದೀನ ಉಪವಾಸ ಕೆಡವೀಯೇನು?" ಎಂದ ಒಬ್ಬ.

ಓಬಣ್ಣನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದವನೇ ಚೀಲಕ್ಕೆ ಕೈ ಹಾಕಿದ. ಹೆಂಡತಿ ಉಚ್ಚೆಂಗೆಮ್ಮ ಅಡ್ಡ ಬಂದಳು.

"ಹೋದ ಬೆಳಿಗೂ ಹಿಂಗ ಸುರಿದ್ರಿ. ಗಾಳಿ ಬೀಸ್ತು, ತೆನಿ ಸಮೇತ ನೆಲ್ಲು ನೀರಾಗ ಮಲಗಿತು. ಕೊಯ್ಯೋ ಮಷೀನಿಗೆ ಎತ್ತಾಕಾಗಲಿಲ್ಲ, ನಾನು ಕೆಸರಾಗ ನಿಂತು ಕೊಯ್ದೆ. ಈ ಸಲನೂ ಮಲಗಿದ್ರ ಉಣ್ಣಾಕ ಅಕ್ಕಿ ಎಲ್ಲಿಂದ ಬರಬೇಕ್ರಿ?"

"ತಿಪ್ಪೇಶಂದು ನೋಡು ಹೆಂಗೈತಿ! ನಾ ಊರಾಗ ತಲಿ ತಗ್ಗಿಸ್ಕೊಂಡು ಓಡಾಡ್ಲೇನು?"

ಉಚ್ಚೆಂಗೆಮ್ಮ ಚೀಲ ಬಿಚ್ಚಲು ಬಿಡದೆ ಗಂಡನನ್ನು ಗದ್ದೆಗೆ ಹೊರಡಿಸಿದಳು. ತನ್ನ ಸ್ವಸಹಾಯ ಸಂಘದ ಅಕ್ಷಿತಾಳನ್ನು ಗದ್ದೆಗೆ ಕರೆತಂದಳು. ಅಕ್ಷಿತಾ ಊರಿನ ಕೃಷಿ ಸಖಿ, ಬೇಸಾಯದ ಸಲಹೆ ಕೊಡಲು ತರಬೇತಿ ಪಡೆದವಳು. ಅವಳ ಕೈಯಲ್ಲಿ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಪಟ್ಟಿಗಳಿದ್ದ ಒಂದು ಕಾರ್ಡು.

"ಇದೇನವ್ವ, ಸೀರಿ ಅಂಗಡ್ಯಾಗ ಬಣ್ಣ ನೋಡ್ದಂಗ?" ಓಬಣ್ಣ ನಕ್ಕ.

"ಇದು ಎಲಿ ಬಣ್ಣ ನೋಡಾಕ, ಮಾವ. ಪೂರ್ತಿ ಬಿಚ್ಚಿದ ಮ್ಯಾಲಿನ ಎಲಿ ಇದರ ಮ್ಯಾಲ ಇಡ್ರಿ. ಬಿಸಿಲಿಗೆ ಬೆನ್ನು ಮಾಡಿ, ನಿಮ್ಮ ನೆರಳಾಗ ನೋಡ್ರಿ. ಹತ್ತು ಎಲಿ ನೋಡೋಣು. ಅದರಾಗ ಆರು ಇಲ್ಲಾ ಅದಕ್ಕಿಂತ ಹೆಚ್ಚು ಎಲಿ ನಿಮ್ಮ ತಳಿಗೆ ಹೇಳಿದ ಪಟ್ಟಿಗಿಂತ ತಿಳಿಯಾಗಿದ್ರ ಯೂರಿಯಾ ಬೇಕು. ಇಲ್ಲಾಂದ್ರ ಬ್ಯಾಡ."

ಓಬಣ್ಣ ತಾನೇ ಹಿಡಿದು ನೋಡಿದ. ಹತ್ತರಲ್ಲಿ ಎರಡೇ ತಿಳಿ! ಆದರೂ ಸೋಲಲು ಮನಸ್ಸಿಲ್ಲ.

"ಹಂಗಾರ ತಿಪ್ಪೇಶಂದು ಅಷ್ಟು ಚಂದ ಯಾಕೈತಿ?"

ಬದುವಿನ ಮೇಲಿದ್ದ ತಿಪ್ಪೇಶ ಹೆಮ್ಮೆಯಿಂದ ಎಲ್ಲರನ್ನೂ ತನ್ನ ಗದ್ದೆಗೆ ಕರೆದ. ಅಕ್ಷಿತಾ ಬಗ್ಗಿ ಪೈರು ಸರಿಸಿ ಬುಡ ತಟ್ಟಿದಳು. ಪುಟ್ಟ ಪುಟ್ಟ ಕಂದು ಹುಳಗಳು ಪಟಪಟನೆ ನೀರಿಗೆ ಬಿದ್ದವು.

"ಜಿಗಿಹುಳ, ಮಾವ. ಯೂರಿಯಾ ಹೆಚ್ಚಾದ್ರ ಪೈರು ಮೆತ್ತಗಾಗಿ ಹುಳಕ್ಕ ಹಬ್ಬ. ಮ್ಯಾಲ ಹಸಿರು ಕಾಣತೈತಿ, ಬುಡದಾಗ ರಸ ಹೀರಾಕ ಹತ್ತ್ಯಾವ. ಇನ್ನ ಯೂರಿಯಾ ಹಾಕಬ್ಯಾಡ್ರಿ, ನೀರು ಬಸಿದು ಬಿಡ್ರಿ. ಔಷಧಿ ರೈತ ಸಂಪರ್ಕ ಕೇಂದ್ರದಾಗ ಕೇಳೇ ಹೊಡೀರಿ."

ತಿಪ್ಪೇಶನ ಮುಖ ಬಾಡಿತು. "ಲೇ ಓಬಣ್ಣ, ನಿನ್ನ ಕಟ್ಟಿ ಮ್ಯಾಲ ಎರಡು ಚೀಲ ಕಂಡೆ. ಇವ ನನಗಿಂತ ಮುಂದ ಹೋಗ್ತಾನ ಅಂತ ಮೂರನೇ ಸಲ ಹಾಕಿಬಿಟ್ಟೆ."

"ಅಯ್ಯ! ನಾ ನಿನ್ನ ಹಸಿರು ನೋಡಿ ಹಾಕಾಕ ಹೊಂಟಿದ್ನಲ್ಲೋ!"

ಉಚ್ಚೆಂಗೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಎಷ್ಟೋ ದಿನದ ಮೇಲೆ ಅವಳ ಜೀವಕ್ಕೆ ಸಮಾಧಾನವಾಗಿತ್ತು. ಮನೆಗೆ ಬಂದ ಓಬಣ್ಣ ಮೊದಲು ಮಾಡಿದ ಕೆಲಸ, ಚೀಲ ಹೊತ್ತು ಒಳಗಿಟ್ಟಿದ್ದು. ಹೆಂಡತಿಗೆ ಹೇಳಿದ:

"ಮುಂದಿನ ವಾರ ಎಲಿ ಮತ್ತೊಮ್ಮೆ ನೋಡ್ತೀನಿ. ಅಲ್ಲೀತನ ಇವು ಒಳಗ ಇರ್ಲಿ. ಕಟ್ಟಿ ಮ್ಯಾಲಿದ್ರ ಇನ್ನ್ಯಾರ ಗದ್ದಿ ಕೆಡಸ್ತಾವೋ!"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಟ್ಟೆ ಮೇಲೂ ಚೀಲ ಇರಬಹುದು. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಯೂರಿಯಾ ಚೀಲ ಬಿಚ್ಚುವ ಮುಂಚೆ ನಿಮ್ಮದೇ ಗದ್ದೆಗೆ ಇಳಿದು, ನಿಮ್ಮದೇ ಪೈರಿನ ಎಲೆ ಹಿಡಿದು ನೋಡಿ. ಪಕ್ಕದವರೂ ನಿಮ್ಮನ್ನೇ ನೋಡುತ್ತಿದ್ದಾರೆ.